ಹೊಳೆಯಾಚೆಯ ಜಾಮೀನು

ಬೈಂಡಿಂಗ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಿದ್ದರು. ಮಡಿಸಿದ ಹಾಳೆಗಳ ಕಂತೆಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿನ ಕಡೆಯಿಂದ ಸೂಜಿ ಹಾಕಿ ಹೊಲಿಯುವುದು ಅವಳ ಕೆಲಸ. ಅಂಚು ಕತ್ತರಿಸುವವರು, ರಟ್ಟು ಅಂಟಿಸುವವರು ಬೇರೆ ಇದ್ದರು. ಹದಿನಾಲ್ಕು ವರ್ಷದಿಂದ ಕಿಟಕಿ ಪಕ್ಕದ ಅದೇ ಸ್ಟೂಲು, ಮೇಣ ಸವರಿದ ಅದೇ ದಾರ. ಶಾಲೆಯ ಹಾಜರಿ ಪುಸ್ತಕವಾಗಲಿ, ಹರಿದುಹೋದ ನಿಘಂಟಾಗಲಿ, ಅವಳ ಕೈ ದಾಟಿ ಹೋದ ಮೇಲೆ ಹಾಳೆ ಕಿತ್ತುಬಂತು ಎಂದು ಯಾರೂ ಮರಳಿ ತಂದದ್ದಿಲ್ಲ. ಮಾತು ಕಡಿಮೆ. ಬಾಯಲ್ಲಿ ಸೂಜಿ ಕಚ್ಚಿಕೊಂಡು ಕಚ್ಚಿಕೊಂಡು ಮಾತು ಕಡಿಮೆಯಾಯಿತೋ, ಮಾತು ಬೇಡವಾಗಿ ಸೂಜಿ ಕಚ್ಚಿಕೊಂಡಳೋ, ಅದು ಅವಳಿಗೂ ಗೊತ್ತಿರಲಿಲ್ಲ.

ಗಂಡ ಸಾಮಾನು ಸಾಗಿಸುವ ಚಿಕ್ಕ ವ್ಯಾನು ಓಡಿಸುತ್ತಿದ್ದ. ವ್ಯಾನ್ ಸ್ಟ್ಯಾಂಡಿನಲ್ಲಿ ಅವನ ಹೆಸರು ನಿಧಾನ. ಕಿರಿಯರಿಗೆ ನಿಧಾನಣ್ಣ. ಕನ್ನಡಿ, ಗಾಜಿನ ಬೀರು ಸಾಗಿಸಬೇಕಾದವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಸರದವರು ಅವನ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಾಗಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಅವನು, ಅವಳು, ಅವನ ತಾಯಿ. ಅತ್ತೆಗೆ ಕಿವಿ ಮಂದ, ನಾಲಿಗೆ ಚುರುಕು. ದಿನಾ ಸಂಜೆ ಅವನು ಬಂದು ಕೈಕಾಲು ತೊಳೆದು, ಅಡುಗೆಕೋಣೆಯ ಹೊಸ್ತಿಲ ಮೇಲೆ ಕೂತು, ಆ ದಿನ ಯಾರ ಮನೆಯ ಯಾವ ಸಾಮಾನು ಯಾವ ಬಾಗಿಲಲ್ಲಿ ತೂರಲಿಲ್ಲ ಎಂಬುದನ್ನು ವರದಿ ಒಪ್ಪಿಸುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು. ಆ ಹೊತ್ತಿಗೆ ಅದು ಏನೂ ಅಲ್ಲ. ಅದಿಲ್ಲದ ಮೊದಲ ಸಂಜೆಯೇ ಅವಳಿಗೆ ಅದರ ಬೆಲೆ ತಿಳಿದದ್ದು.

ಆದದ್ದು ಒಂದು ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ. ಇಬ್ಬರು ಬಂದು ಫ್ರಿಜ್ ಸಾಗಿಸಬೇಕು ಎಂದು ನಿಧಾನನ ವ್ಯಾನು ಗೊತ್ತುಮಾಡಿಕೊಂಡರು. ಮುಖ್ಯ ಬೀದಿಯ ತಿರುವಿನಲ್ಲಿ ನಿಲ್ಲಿಸು, ಮನೆಯವರನ್ನು ಕರೆತರುತ್ತೇವೆ ಅಂದರು. ಅಲ್ಲೇ ಮೂರನೇ ಅಂಗಡಿ ಗಡಿಯಾರ ರಿಪೇರಿ ಮಾಡುವವನದು. ಅವನು ಆಗಷ್ಟೇ ಷಟರ್ ಎತ್ತುತ್ತಿದ್ದ. ಇಬ್ಬರೂ ಅವನ ಮೇಲೆ ಬಿದ್ದು, ರಿಪೇರಿಗೆ ಬಂದ ಬೆಲೆಬಾಳುವ ಕೈಗಡಿಯಾರಗಳಿದ್ದ ಪೆಟ್ಟಿಗೆಯನ್ನು ಕಸಿದುಕೊಂಡರು. ಅವನು ಬಿಡಲಿಲ್ಲ. ಒಬ್ಬ ಚಾಕು ಬೀಸಿದ. ಬಲಗೈಯ ಎರಡು ಬೆರಳು ಬುಡದಲ್ಲಿ ಸೀಳಿಹೋದವು. ಇಬ್ಬರೂ ಓಡಿ ಬಂದು ವ್ಯಾನು ಹತ್ತಿ "ಹೊಡಿ, ಹೊಡಿ" ಅಂದರು. ನಿಧಾನ ಹೊಡೆದ, ತನ್ನ ರೀತಿಯಲ್ಲಿ. ಎರಡನೇ ಸರ್ಕಲ್ಲಿನಲ್ಲಿ ಕೆಂಪು ದೀಪ ಕಂಡು ನಿಲ್ಲಿಸಿಯೂಬಿಟ್ಟ. ಅವರು ಬಾಯಿಗೆ ಬಂದಂತೆ ಬೈದು ಇಳಿದು ಓಡಿದರು.

ವ್ಯಾನಿನ ನಂಬರು ಬೀದಿಯಲ್ಲಿ ಹತ್ತು ಜನ ನೋಡಿದ್ದರು. ಹನ್ನೊಂದು ಗಂಟೆಗೆಲ್ಲ ಪೊಲೀಸರು ಅವನನ್ನು ಸ್ಟ್ಯಾಂಡಿನಿಂದಲೇ ಕರೆದೊಯ್ದರು. ಚಾಕುವಿನವನು ಎರಡು ದಿನದಲ್ಲಿ ಸಿಕ್ಕ, ಪೆಟ್ಟಿಗೆಯೂ ಸಿಕ್ಕಿತು. ಇನ್ನೊಬ್ಬ ತಲೆಮರೆಸಿಕೊಂಡ.

ಸುದ್ದಿ ಕೇಳಿದಾಗ ಅತ್ತೆ ಎರಡು ಸಲ "ಏನಂದೆ?" ಅಂದಳು. ಮೂರನೇ ಸಲ ಕಿವಿಗೆ ಬಿದ್ದ ಮೇಲೆ, "ಸುಲಿಗೆಯಂತೆ ಸುಲಿಗೆ! ನನ್ನ ಮಗ ಕಳ್ಳತನಕ್ಕೆ ಹೊರಟ್ರೆ ಅವನು ಹೋಗಿ ಮುಟ್ಟೋಷ್ಟರಲ್ಲಿ ಅಂಗಡಿಯವರು ಬಾಗಿಲು ಹಾಕ್ಕೊಂಡು ಊಟಕ್ಕೆ ಹೋಗಿರ್ತಾರೆ" ಅಂದಳು. ಅಂದು, ಗೋಡೆ ಕಡೆ ತಿರುಗಿ ಕೂತಳು. ಸಂಜೆಯವರೆಗೂ ಈ ಕಡೆ ತಿರುಗಲಿಲ್ಲ.

ವಕೀಲೆಯನ್ನು ಹುಡುಕಿಕೊಟ್ಟವರು ಬೈಂಡಿಂಗ್ ಅಂಗಡಿಯ ಯಜಮಾನರು. ಆ ವಕೀಲಮ್ಮನ ಕಾನೂನು ಪುಸ್ತಕಗಳಿಗೆ ದಾರದಕ್ಕನೇ ಹೊಲಿಗೆ ಹಾಕಿದ್ದಳು. ಕೋರ್ಟಿನ ಎದುರಿಗೆ, ಮೆಟ್ಟಿಲು ಹತ್ತಿ ಹೋಗುವ ಒಂದು ಇಕ್ಕಟ್ಟಾದ ಕೋಣೆ. ದಾರದಕ್ಕ ಗಂಡನ ಅಡ್ಡಹೆಸರಿನ ಕಥೆ ಹೇಳಿ, "ಓಡಿಹೋಗೋರು ಯಾರಾದ್ರೂ ಇಂಥವರ ಗಾಡಿ ಹಿಡೀತಾರಾ ಮೇಡಂ?" ಎಂದು ಕೇಳಿದಳು.

ವಕೀಲಮ್ಮ ನಕ್ಕಳು. ಆಮೇಲೆ ನಗುವನ್ನು ಮಡಚಿ ಇಟ್ಟು, "ಅದನ್ನ ಜಡ್ಜ್ ಮುಂದೆ ಹೇಳಕ್ಕಾಗಲ್ಲಮ್ಮ" ಅಂದಳು. "ಜಾಮೀನು ಅಂದ್ರೆ ತಪ್ಪು ಮಾಡಿದಾನೋ ಇಲ್ವೋ ಅನ್ನೋ ತೀರ್ಮಾನ ಅಲ್ಲ. ಅದು ಆಮೇಲೆ. ಈಗ ಅವರು ನೋಡೋದೇ ಬೇರೆ. ಹೊರಗೆ ಬಿಟ್ರೆ ಓಡಿಹೋಗ್ತಾನಾ? ಸಾಕ್ಷಿಗಳನ್ನ ಹೆದರಿಸ್ತಾನಾ? ಸಾಕ್ಷ್ಯ ಅಳಿಸ್ತಾನಾ? ಹಿಂದೆ ಕೇಸಿದೆಯಾ? ಗಾಯ ಎಷ್ಟು ದೊಡ್ಡದು? ಮಾಲು ಇವನ ಹತ್ರ ಸಿಕ್ತಾ? ಇಷ್ಟನ್ನೂ ತಕ್ಕಡೀಲಿ ಇಟ್ಟು ತೂಗ್ತಾರೆ."

"ಹಿಂದೆ ಒಂದ್ಸಲ ಸ್ಟ್ಯಾಂಡಲ್ಲಿ ಜಗಳ ಆಗಿ ದಂಡ ಕಟ್ಟಿದ್ರು. ಸರದಿ ವಿಚಾರಕ್ಕೆ. ಒಂಬತ್ತು ವರ್ಷ ಆಯ್ತು."

ವಕೀಲಮ್ಮ ಬರೆದುಕೊಂಡಳು. ಅವಳು ಬರೆದುಕೊಂಡ ರೀತಿ ನೋಡಿ, ಹೇಳಬಾರದಿತ್ತೇನೋ ಎನ್ನಿಸಿತು ದಾರದಕ್ಕನಿಗೆ.

ಮೊದಲ ಅರ್ಜಿ ಕೆಳಗಿನ ಕೋರ್ಟಿನಲ್ಲಿ. ಹನ್ನೆರಡನೇ ದಿನ. ಸರ್ಕಾರಿ ವಕೀಲರು ಎದ್ದು ನಿಂತು, ಚಾಕುವಿನಿಂದ ಗಾಯ ಮಾಡಿ ನಡೆಸಿದ ಸುಲಿಗೆ, ಒಬ್ಬ ಇನ್ನೂ ಸಿಕ್ಕಿಲ್ಲ, ತನಿಖೆ ಮುಗಿದಿಲ್ಲ, ಈ ಆರೋಪಿಯ ಮೇಲೆ ಹಿಂದೆಯೂ ಹೊಡೆದಾಟದ ಪ್ರಕರಣವಿದೆ ಎಂದರು. ಕೊನೆಗೆ, ವ್ಯಾನು ವಶಕ್ಕೆ ತೆಗೆದುಕೊಂಡಾಗ ಮುಂದಿನ ಸೀಟು ಒದ್ದೆಯಾಗಿತ್ತು, ತೊಳೆದಿದ್ದಾನೆ ಎಂದರು. ವಕೀಲಮ್ಮ ಹಿಂದಕ್ಕೆ ಬಾಗಿ ದಾರದಕ್ಕನ ಕಡೆ ನೋಡಿದಳು. "ಅವರು ದಿನಾ ತೊಳೀತಾರೆ" ಎಂದು ದಾರದಕ್ಕ ಪಿಸುಗುಟ್ಟಿದಳು. ಅದು ನಿಜವೂ ಆಗಿತ್ತು. ಅರ್ಜಿ ವಜಾ ಆಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಹೊತ್ತಿನಲ್ಲಿ ಅವಳು ಒಂದು ತೆಳ್ಳನೆಯ ನೋಟುಪುಸ್ತಕವನ್ನೂ ಹೊಲಿದು ಮುಗಿಸಿರಲಾರಳು.

ಕೋರ್ಟಿನ ಪಡಸಾಲೆಯಲ್ಲಿ ಗೋಡೆಗೆ ಒತ್ತಿ ಒಂದು ಉದ್ದ ಬೆಂಚು. ಅಲ್ಲಿ ಅವತ್ತು ಅವಳ ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಸೆರಗಿನ ತುದಿಯಲ್ಲಿ ಹಸಿ ಮಣ್ಣು, ಉಗುರ ಸಂದಿಯಲ್ಲಿ ಹಸಿರು. ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವಳು. "ನಿಂದು ಯಾವ ಕೇಸವ್ವಾ?" ಎಂದು ಕೇಳಿದಳು. ದಾರದಕ್ಕ ಹೇಳಿದಳು. ಸೊಪ್ಪಿನಜ್ಜಿ, "ಚಾಕು ಹಿಡಿದಿದ್ದೋನು ನನ್ನ ಮಗ" ಅಂದಳು.

ದಾರದಕ್ಕ ಎದ್ದು ಹೋಗಿ ಕಂಬದ ಬಳಿ ನಿಂತಳು. ನಿನ್ನ ಮಗನಿಂದ ನನ್ನ ಮನೆ ಹಾಳಾಯಿತು ಎನ್ನಬೇಕೆಂದು ತುಟಿಯವರೆಗೆ ಬಂತು. ತಿರುಗಿ ನೋಡಿದರೆ ಅಜ್ಜಿ ಅವಳು ಬಿಟ್ಟುಬಂದ ಊಟದ ಡಬ್ಬಿಯನ್ನು ಯಾರೂ ತುಳಿಯದಂತೆ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಅಲ್ಲಿಂದ ಮೇಲಿನ ಕೋರ್ಟು. ಆದರೆ ವಕೀಲಮ್ಮ ಅವಸರ ಬೇಡ ಅಂದಳು. ಪೊಲೀಸರು ಆರೋಪಪಟ್ಟಿ ಹಾಕಲಿ, ಗುರುತು ಹಿಡಿಯುವ ಪೆರೇಡ್ ಆಗಲಿ, ಅದರಲ್ಲಿ ಏನಿದೆ ನೋಡಿಕೊಂಡು ಹೋಗೋಣ, ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳೋದು ಬೇಡ ಅಂದಳು. ಹಾಗಾಗಿ ಎರಡೂವರೆ ತಿಂಗಳು ಕಾಯುವುದಾಯಿತು.

ಜೈಲು ಊರಿನ ತುದಿಯಲ್ಲಿ. ವಾರಕ್ಕೊಮ್ಮೆ ಭೇಟಿ, ನಡುವೆ ಎರಡು ಪದರ ಜಾಲರಿ. ಅಕ್ಕಪಕ್ಕದವರೆಲ್ಲ ಕೂಗುತ್ತಿದ್ದರು, ಹಾಗಾಗಿ ಇವರೂ ಕೂಗಬೇಕಿತ್ತು. ಹನ್ನೊಂದು ವರ್ಷದಲ್ಲಿ ಅವಳು ಅವನ ಮೇಲೆ ದನಿಯೆತ್ತಿದ್ದಿಲ್ಲ. ಈಗ "ಊಟ ಮಾಡ್ತೀರಾ?" ಎಂದು ಕೂಗಿ ಕೇಳುವಾಗ ಜಗಳವಾಡಿದಂತೆ ಆಗುತ್ತಿತ್ತು. ಅವನು "ಅಮ್ಮ ಹೇಗಿದಾಳೆ?" ಅನ್ನುತ್ತಿದ್ದ. ಜಾಲರಿಯ ಹಿಂದೆ ಅವನ ಮುಖ ಚೂರುಚೂರಾಗಿ ಕಾಣುತ್ತಿತ್ತು, ಮನೆಗೆ ಹೋಗುತ್ತ ಬಸ್ಸಿನಲ್ಲಿ ಅವಳು ಆ ಚೂರುಗಳನ್ನು ಕೂಡಿಸಿಕೊಳ್ಳುತ್ತಿದ್ದಳು. ಸಂಜೆ ಅಡುಗೆಕೋಣೆಯ ಹೊಸ್ತಿಲು ದಾಟುವಾಗ ಅಲ್ಲಿ ಯಾರೋ ಕೂತಿರುವರೇನೋ ಎಂಬಂತೆ ಕಾಲು ಸ್ವಲ್ಪ ಎತ್ತಿಟ್ಟು ದಾಟುತ್ತಿದ್ದಳು. ಅತ್ತೆ ಅದನ್ನು ನೋಡಿದ್ದಳು. ಕಿವಿ ಮಂದವಾದರೂ ಕಣ್ಣು ಮಂದವಾಗಿರಲಿಲ್ಲ.

ಗಡಿಯಾರದವನ ಅಂಗಡಿ ಅವಳ ದಾರಿಯಲ್ಲೇ ಇತ್ತು. ಅವನ ಮನೆ ಕೂಡ ಇವರ ಬೀದಿಯಲ್ಲೇ, ಇವರ ಮನೆಯಿಂದ ಏಳನೆಯದು. "ಅವರ ಕಡೆ ತಿರುಗಿ ಕೂಡ ನೋಡಬೇಡಿ. ಒಂದು ಮಾತಾಡಿದ್ರೂ ಸಾಕ್ಷೀನ ಒಲಿಸಿಕೊಳ್ಳೋಕೆ ಹೋದ್ರು ಅಂತಾರೆ" ಎಂದು ವಕೀಲಮ್ಮ ಎಚ್ಚರಿಸಿದ್ದಳು. ಒಂದು ಬೆಳಿಗ್ಗೆ ಅವನೇ ಅಂಗಡಿಯಿಂದ ಇಳಿದು ಬಂದು "ಏನಮ್ಮಾ..." ಎಂದು ಬಾಯಿ ತೆರೆದ. ದಾರದಕ್ಕ ಎರಡೂ ಕಿವಿ ಮುಚ್ಚಿಕೊಂಡು, ನಡುಬೀದಿಯಲ್ಲಿ, ನಲವತ್ತರ ಹೆಂಗಸು, ಓಡಿದಳು. ಅದಾದ ಮೇಲೆ ಸುತ್ತು ಹಾಕಿಕೊಂಡು ಹಿಂದಿನ ಬೀದಿಯಿಂದ ಕೆಲಸಕ್ಕೆ ಹೋಗತೊಡಗಿದಳು. ಓಡುವ ಮೊದಲು ಒಂದು ಕ್ಷಣ ನೋಡಿದ್ದು ಮಾತ್ರ ಕಣ್ಣಿಂದ ಹೋಗಲಿಲ್ಲ. ಅವನು ಚಿಮುಟವನ್ನು ಎಡಗೈಯಲ್ಲಿ ಹಿಡಿದಿದ್ದ. ಬಲಗೈ ಬೆರಳೆರಡು ನೆಟ್ಟಗೆ ನಿಂತಿದ್ದವು, ಮಡಚುತ್ತಿರಲಿಲ್ಲ.

ಮೇಲಿನ ಕೋರ್ಟಿನಲ್ಲಿ ಎರಡೂ ಅರ್ಜಿಗಳು ಒಂದೇ ದಿನ ಬಂದವು, ನಿಧಾನನದು ಮತ್ತು ಅಜ್ಜಿಯ ಮಗನದು. ನ್ಯಾಯಾಧೀಶರು ವಯಸ್ಸಾದವರು, ಕನ್ನಡಕ ತೆಗೆದು ಓದುವವರು. ಪೆರೇಡಿನಲ್ಲಿ ಗಡಿಯಾರದವನು ಚಾಕುವಿನವನನ್ನು ಗುರುತಿಸಿದ್ದ. ಪೆಟ್ಟಿಗೆ ಸಿಕ್ಕಿದ್ದೂ ಅವನ ಕೋಣೆಯಲ್ಲಿ. ನಿಧಾನ ವ್ಯಾನಿನಿಂದ ಇಳಿದದ್ದನ್ನು ಯಾರೂ ನೋಡಿರಲಿಲ್ಲ, ಅವನ ಬಳಿ ಏನೂ ಸಿಕ್ಕಿರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ವಕೀಲಮ್ಮ ವಾದಿಸಿದಳು. ತನಿಖೆ ಮುಗಿದಿದೆ, ಸ್ವಂತ ಊರು, ತಾಯಿ, ಹೆಂಡತಿ, ಹದಿನೆಂಟು ವರ್ಷದಿಂದ ಒಂದೇ ಸ್ಟ್ಯಾಂಡು, ಓಡಿಹೋಗುವವನಲ್ಲ. ಸರ್ಕಾರಿ ವಕೀಲರು, "ಸ್ವಾಮಿ, ಅದೇ ತೊಂದರೆ. ಗಾಯಗೊಂಡವರು ಇವನ ಬೀದೀಲೇ ಇದಾರೆ. ಬೆಳಗಾದ್ರೆ ಇವನ ಮುಖ ಅವರು ನೋಡಬೇಕು. ಹೆದರದೆ ಸಾಕ್ಷಿ ಹೇಳೋದು ಹೇಗೆ?" ಎಂದರು.

ಎರಡು ದಿನ ಬಿಟ್ಟು ಆದೇಶ. ನ್ಯಾಯಾಧೀಶರು ಓದಿದ್ದರಲ್ಲಿ ದಾರದಕ್ಕನಿಗೆ ತಿಳಿದದ್ದು "ಅರ್ಜಿ ಮಂಜೂರು" ಎಂಬುದೊಂದೇ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪಡಸಾಲೆಗೆ ಬಂದ ಮೇಲೆ ವಕೀಲಮ್ಮ ಉಳಿದದ್ದನ್ನು ಬಿಡಿಸಿ ಹೇಳಿದಳು. ಇಬ್ಬರು ಜಾಮೀನುದಾರರು ಬೇಕು. ಪ್ರತಿ ಭಾನುವಾರ ಹೊಳೆಯಾಚೆಯ ಊರಿನ ಠಾಣೆಯಲ್ಲಿ ಸಹಿ ಹಾಕಬೇಕು. ಗಡಿಯಾರದವನ ಸಾಕ್ಷಿ ಮುಗಿಯುವವರೆಗೆ, ಕೋರ್ಟಿನ ದಿನ ಬಿಟ್ಟರೆ, ಈ ಊರಿನ ಗಡಿಯೊಳಗೆ ಕಾಲಿಡುವಂತಿಲ್ಲ.

"ಅಂದ್ರೆ ಮನೆಗೆ?"

"ಮನೆ ಊರೊಳಗೇ ಇದೆಯಲ್ಲಮ್ಮ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ ನಿಂತಳು. ಬೆಂಚಿನಲ್ಲಿ ಸೊಪ್ಪಿನಜ್ಜಿ ಇದ್ದಳು. ಅವಳ ಮಗನ ಅರ್ಜಿ ವಜಾ ಆಗಿತ್ತು. "ನಿನ್ನ ಗಂಡ ಹೊರಗೆ ಬರ್ತಾನಂತಲ್ಲವ್ವಾ. ಒಳ್ಳೇದಾಯ್ತು" ಅಂದಳು ಅಜ್ಜಿ. ಆ ಮಾತಿನಲ್ಲಿ ಮುಳ್ಳು ಇರಲಿಲ್ಲ. ಮುಳ್ಳಿದ್ದರೆ ದಾರದಕ್ಕನಿಗೆ ಸುಲಭವಾಗುತ್ತಿತ್ತು. ಅವಳು ಹೋಗಿ ಅಜ್ಜಿಯ ಪಕ್ಕ ಕೂತಳು. ಇಬ್ಬರೂ ಡಬ್ಬಿ ಬಿಚ್ಚಿ, ಇದ್ದದ್ದನ್ನು ಹಂಚಿಕೊಂಡು ತಿಂದರು.

ಜಾಮೀನುದಾರರಿಗಾಗಿ ಮತ್ತೆ ಒಂಬತ್ತು ದಿನ. ಯಜಮಾನರು ಒಪ್ಪಿ, ಮನೆಪತ್ರ ತಂದರು. ಎರಡನೆಯವರು ಸಿಗಲಿಲ್ಲ. ನಿಧಾನನ ವ್ಯಾನಿನಲ್ಲಿ ಮನೆ ಬದಲಾಯಿಸಿದವರು ಬೀದಿ ತುಂಬ ಇದ್ದರು. ಸಹಿ ಎಂದೊಡನೆ ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರಿಗೆ ಅಳಿಯನ ಅಭ್ಯಂತರ. ಕಡೆಗೆ ಬಂದವನು, ಒಂಬತ್ತು ವರ್ಷದ ಹಿಂದೆ ಸರದಿ ವಿಚಾರಕ್ಕೆ ನಿಧಾನನ ಜೊತೆ ಹೊಡೆದಾಡಿ ಅವನಷ್ಟೇ ದಂಡ ಕಟ್ಟಿದ್ದ ಸ್ಟ್ಯಾಂಡಿನ ದಪ್ಪನೆಯ ಚಾಲಕ. "ಅವನ ಮೇಲೆ ಇದ್ದ ಒಂದೇ ಒಂದು ಹಳೇ ಕೇಸು ನಂದೇ ತಾನೇ ಅಕ್ಕ. ನಾನೇ ನಿಲ್ತೀನಿ" ಅಂದ.

ಹಾಗೆ ನಿಧಾನ ಹೊರಗೆ ಬಂದ. ಜೈಲಿನ ಬಾಗಿಲಿಂದ ನೇರವಾಗಿ ಬಸ್ ನಿಲ್ದಾಣಕ್ಕೆ ಹೋದರು. ಹೊಳೆ ದಾಟುವ ಬಸ್ಸು ಹತ್ತಿಸುವಾಗ ಅವನು ಅವಳ ಕೈ ನೋಡಿ, "ಸೂಜಿ ಚುಚ್ಚಿಕೊಂಡಿದೀಯ" ಅಂದ. ಅಷ್ಟೇ ಆಡಿದ್ದು. ಬಸ್ಸು ಹೋಯಿತು.

ಸೇತುವೆಯಾಚೆಯ ಊರಿನಲ್ಲಿ ಟೈರ್ ಅಂಗಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ವ್ಯಾನು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತಿತ್ತು, ಇವನು ಬೇರೆಯವರ ಗಾಡಿ ತೊಳೆಯುತ್ತಿದ್ದ. ಭಾನುವಾರ ಬೆಳಿಗ್ಗೆ ಏಳರ ಬಸ್ಸಿಗೆ ದಾರದಕ್ಕ ಹೊರಡುತ್ತಿದ್ದಳು. ಅವನು ನಿಲ್ದಾಣದಲ್ಲಿ ಒದ್ದೆ ಕೂದಲು ಬಾಚಿಕೊಂಡು, ಇದ್ದ ಎರಡರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು, ಬಸ್ಸಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ನಿಂತಿರುತ್ತಿದ್ದ. ಹನ್ನೊಂದು ವರ್ಷದಲ್ಲಿ ಅವನು ಅವಳಿಗಾಗಿ ಎಲ್ಲಿಯೂ ಕಾದವನಲ್ಲ, ಕಾಯುವ ಪ್ರಸಂಗವೇ ಬಂದಿರಲಿಲ್ಲ. ಠಾಣೆಗೆ ಹೋಗಿ ಸಹಿ ಹಾಕುವುದು, ಹೊಳೆಯ ದಂಡೆಯಲ್ಲಿ ಕೂರುವುದು, ನಾಲ್ಕರ ಬಸ್ಸು. ಆಚೆ ದಡದಲ್ಲಿ ತಮ್ಮ ಊರಿನ ನೀರಿನ ಟ್ಯಾಂಕು ಕಾಣುತ್ತಿತ್ತು. ಅದರ ಎಡಕ್ಕೆ ಬೆರಳು ತೋರಿಸಿ ಅವನು, "ಅಲ್ಲಿಗೆ ಬರುತ್ತೆ ನೋಡು ನಮ್ಮನೆ" ಅನ್ನುತ್ತಿದ್ದ.

ಮನೆಯ ಒಂದೊಂದನ್ನೂ ಕೇಳುತ್ತಿದ್ದ. ಹಿಂಬಾಗಿಲು ಇನ್ನೂ ಕಿರುಗುಟ್ಟುತ್ತಾ? ಬಚ್ಚಲಿನ ನಲ್ಲಿ?

"ಸೋರ್ತಿದೆ. ಯಾರನ್ನಾದ್ರೂ ಕರೆಸ್ಲಾ?"

"ಬೇಡ. ನಾನು ಹೇಳ್ಕೊಡ್ತೀನಿ. ಮೊದ್ಲು ಮೇಲಿನ ವಾಲ್ವ್ ಮುಚ್ಚು. ಆಮೇಲೆ ತಿರುಪು ಎಡಕ್ಕೆ. ಒಳಗೊಂದು ಕಪ್ಪು ವಾಷರ್ ಇರುತ್ತೆ..."

ಮುಂದಿನ ಭಾನುವಾರ ಅವಳು ಸವೆದ ವಾಷರ್ರನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಳು. ಅವನು ಅದನ್ನು ಬೆರಳ ತುದಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಮರಳಿ ಕೊಡಲಿಲ್ಲ, ಜೇಬಿಗೆ ಹಾಕಿಕೊಂಡ. ಕೆಲಸಕ್ಕೆ ಬಾರದ ವಸ್ತು.

ಕೋರ್ಟಿನ ದಿನಗಳು ಇನ್ನೂ ಕಷ್ಟ. ಅವನು ಊರೊಳಗೆ ಬರುತ್ತಿದ್ದ, ಪಡಸಾಲೆಯ ಬೆಂಚಿನಲ್ಲಿ ಕೂರುತ್ತಿದ್ದ. ಮನೆ ಹತ್ತು ನಿಮಿಷದ ದಾರಿ. ಒಂದು ಸಲ ದಾರದಕ್ಕ ಅತ್ತೆಯನ್ನೇ ಕೈಹಿಡಿದು ನಡೆಸಿಕೊಂಡು ಬಂದಳು. ಮುದುಕಿ ಮಗನ ಮುಖ ಸವರಿ, "ಏನೋ, ಜಾಮೀನು ಕೊಟ್ಟಿದಾರಂತೆ, ಮನೆಗೆ ಮಾತ್ರ ಬರಬಾರದಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗಾಯ್ತು" ಎಂದು ಇಡೀ ಪಡಸಾಲೆಗೆ ಕೇಳುವಂತೆ ಹೇಳಿದಳು. ಪೊಲೀಸಿನವನೂ ನಕ್ಕ. ಸಂಜೆ ಬಸ್ಸಿಗೆ ಹತ್ತುವಾಗ ನಿಧಾನ ಮನೆಯ ದಿಕ್ಕಿಗೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಕಾಲು ಅತ್ತಲೇ ಹೋದೀತೆಂದು ಆಮೇಲೆ ಹೇಳಿದ.

ಏಳನೇ ತಿಂಗಳ ಒಂದು ಭಾನುವಾರ ಹೊಳೆದಂಡೆಯಲ್ಲಿ, ಅವಳು ಯಾವುದೋ ಮಾತಿಗೆ ಗಡಿಯಾರದವನ ಬೆರಳುಗಳ ವಿಷಯ ಎತ್ತಿದಳು.

"ಗಾಡಿ ಕನ್ನಡೀಲಿ ನೋಡ್ದೆ ಕಣೇ" ಅಂದ.

"ಏನನ್ನ?"

"ಅವನನ್ನ. ಕೈ ಹಿಡ್ಕೊಂಡು ಬೀದೀಲಿ ಕೂತಿದ್ದ. ತೋಳೆಲ್ಲ ಕೆಂಪು. ಪೊಲೀಸರಿಗೆ, ವಕೀಲರಿಗೆ, ನಿನಗೆ, ಎಲ್ಲರಿಗೂ ನೋಡ್ಲಿಲ್ಲ ಅಂದೆ. ನೋಡಿದ್ದೆ."

"ಪಕ್ಕದಲ್ಲಿ ಚಾಕು ಇತ್ತಲ್ಲ. ನಿಲ್ಲಿಸೋಕೆ ಹೇಗಾಗುತ್ತೆ?"

"ಅವರು ಇಳಿದುಹೋದ ಮೇಲೆ ಚಾಕು ಇರ್ಲಿಲ್ಲವಲ್ಲ."

ಅವನು ನೀರು ನೋಡುತ್ತಿದ್ದ.

"ಸೀಟಿಗೆ ಹತ್ತಿತ್ತು. ಒರೆಸ್ದೆ. ನೀರು ಹಾಕಿ ತೊಳ್ದೆ. ತೊಳ್ದು ಸ್ಟ್ಯಾಂಡಿಗೆ ಹೋಗಿ ಟೀ ಕುಡ್ದೆ. ತಿರುಗಿ ಹೋಗ್ಲಿಲ್ಲ. ಠಾಣೆಗೂ ಹೋಗ್ಲಿಲ್ಲ. ಏನೂ ಆಗಿಲ್ಲ ಅಂದ್ಕೊಂಡ್ರೆ ಏನೂ ಆಗಿರಲ್ಲ ಅನ್ನಿಸ್ತು."

"ಮೊದಲೇ ಗೊತ್ತಿತ್ತಾ ನಿಮಗೆ?"

"ಇಲ್ಲ. ಅಮ್ಮನಾಣೆ, ಇಲ್ಲ. ಫ್ರಿಜ್ಜು ಅಂದ್ಕೊಂಡೇ ಹೋಗಿದ್ದೆ."

ಅವಳು ಅವನನ್ನು ನಂಬಿದಳು. ನಂಬಿದ್ದರಿಂದಲೇ ಹೆಚ್ಚು ನೋವಾಯಿತು. ದಿನಾ ತೊಳೀತಾರೆ ಎಂದು ಕೋರ್ಟಿನಲ್ಲಿ ತಾನು ಪಿಸುಗುಟ್ಟಿದ್ದು ನೆನಪಾಯಿತು. ನಾಲ್ಕರ ಬಸ್ಸಿಗೆ ಕಾಯದೆ ಎರಡರದಕ್ಕೇ ಹತ್ತಿದಳು. ಮರುದಿನ ವಕೀಲಮ್ಮನಿಗೆ ಎಲ್ಲ ಹೇಳಿದಳು. ವಕೀಲಮ್ಮ ಪೆನ್ನು ಕೆಳಗಿಟ್ಟು, "ಹೆದರಿ ಸುಮ್ಮನಾಗೋದಕ್ಕೂ ಸುಲಿಗೆಗೆ ಸೇರೋದಕ್ಕೂ ಕಾನೂನಲ್ಲಿ ವ್ಯತ್ಯಾಸ ಇದೆಯಮ್ಮ" ಅಂದಳು. ಕಾನೂನಿನಲ್ಲಿ ಇದೆ, ಸರಿ. ಗಡಿಯಾರದವನ ಬೆರಳಿಗೆ ಆ ವ್ಯತ್ಯಾಸ ಗೊತ್ತೇ ಎಂದು ದಾರದಕ್ಕ ದಾರಿಯುದ್ದಕ್ಕೂ ಯೋಚಿಸಿದಳು.

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಬೆಳಿಗ್ಗೆ ಏಳಕ್ಕೆ ಬಟ್ಟೆ ನೆನೆಹಾಕಿದಳು. ಎಂಟಕ್ಕೆ ಅವನು ನಿಲ್ದಾಣದಲ್ಲಿ ಕಿಟಕಿಗಳನ್ನು ನೋಡುತ್ತಿರುತ್ತಾನೆ. ಒಂಬತ್ತರ ಬಸ್ಸಿಗೂ ನೋಡುತ್ತಾನೆ. ಹತ್ತಕ್ಕೆ ಅತ್ತೆ ಒಳಗಿನಿಂದ, "ಒಗೆದಿದ್ದೇ ಎಷ್ಟು ಸಲ ಒಗೀತೀಯೇ? ಬಟ್ಟೆ ಹರಿದುಹೋಗುತ್ತೆ" ಅಂದಳು. ದಾರದಕ್ಕ ಒದ್ದೆ ಕೈಯಲ್ಲಿ ಹಿತ್ತಲ ಕಲ್ಲಿನ ಮೇಲೆ ಕೂತು, ಆ ಏಳು ತಿಂಗಳಲ್ಲಿ ಮೊದಲ ಬಾರಿಗೆ, ದನಿ ತೆಗೆದು ಅತ್ತಳು. ಅತ್ತೆಗೆ ಕೇಳಿಸಿತೋ ಇಲ್ಲವೋ, ಬಂದು ಪಕ್ಕದಲ್ಲಿ ಕೂತು, "ನೀನು ಮದುವೆಯಾಗಿದ್ದು ಹುಲೀನ ಅಲ್ಲ. ಅವನು ಚಿಕ್ಕಂದಿನಿಂದಲೂ ಪುಕ್ಕಲು. ನನಗೆ ಗೊತ್ತಿತ್ತು, ನಿನಗೆ ಹೇಳ್ಲಿಲ್ಲ" ಅಂದಳು.

ಅದರ ಮುಂದಿನ ಭಾನುವಾರ ಅವಳು ಹೋದಳು. ಅವನು ನಿಂತಿದ್ದ. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ. ನೋಡಬೇಕು ಎಂಬ ಆಸೆ ಕೋಪಕ್ಕಿಂತ ಒಂದು ಬೆರಳು ಉದ್ದ ಇತ್ತು, ಅಷ್ಟೇ.

ಗಡಿಯಾರದವನು ಸಾಕ್ಷಿ ಹೇಳಿದ್ದು ಹನ್ನೊಂದನೇ ತಿಂಗಳಲ್ಲಿ. ದಾರದಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಸೊಪ್ಪಿನಜ್ಜಿ. ಅವನು ಚಾಕುವಿನವನ ಕಡೆ ಬೆರಳು ತೋರಿಸಿದ. ಮಡಚದ ಬೆರಳೇ ಅದು. ಅಜ್ಜಿ ದಾರದಕ್ಕನ ಸೆರಗಿನ ಅಂಚು ಹಿಡಿದುಕೊಂಡಳು. ಆಮೇಲೆ ವಕೀಲಮ್ಮ ಎದ್ದು ನಿಂತಳು.

"ವ್ಯಾನಿನವನು ಕೆಳಗೆ ಇಳಿದನಾ?"

"ಇಲ್ಲ."

"ನಿಮ್ಮ ಹತ್ರ ಬಂದನಾ? ಏನಾದ್ರೂ ಕಿತ್ಕೊಂಡನಾ?"

"ಇಲ್ಲ."

"ಈ ಕೃತ್ಯ ನಡೆಯುತ್ತೆ ಅಂತ ಅವನಿಗೆ ಮೊದಲೇ ಗೊತ್ತಿತ್ತು ಅನ್ನೋಕೆ ನಿಮ್ಮ ಹತ್ರ ಏನಾದ್ರೂ ಆಧಾರ ಇದೆಯಾ?"

"ಅದು ನನಗೆ ಗೊತ್ತಿಲ್ಲಮ್ಮ. ಒಂದೇ ಬೀದಿಯವನು. ಕೂಗ್ದೆ. ಅವನು ನಿಲ್ಲಿಸ್ಲಿಲ್ಲ. ನನಗೆ ಗೊತ್ತಿರೋದು ಅಷ್ಟೇ."

ನಿಧಾನ ತಲೆ ತಗ್ಗಿಸಿದ. ನ್ಯಾಯಾಧೀಶರು ಕೊನೆಯ ಮಾತನ್ನೂ ಬರೆಸಿಕೊಂಡರು.

ಬೀದಿಯಲ್ಲಿ ವ್ಯಾನು ನೋಡಿದ್ದ ಇನ್ನಿಬ್ಬರ ಸಾಕ್ಷಿಯೂ ಅದೇ ವಾರ ಮುಗಿಯಿತು. ವಕೀಲಮ್ಮ ಷರತ್ತು ತೆಗೆಯಲು ಅರ್ಜಿ ಹಾಕಿದಳು. ಹೆದರಿಸಲು ಇನ್ನು ಯಾವ ಸಾಕ್ಷಿಯೂ ಉಳಿದಿಲ್ಲವಾದ್ದರಿಂದ ಅರ್ಜಿ ಮಂಜೂರಾಯಿತು. ಗುರುವಾರ ಮಧ್ಯಾಹ್ನ, ದಾರದಕ್ಕ ಕೆಲಸದಲ್ಲಿರುವಾಗಲೇ ಅವನು ಮನೆಗೆ ಬಂದಿದ್ದ. ಸಂಜೆ ಅವಳು ಬಾಗಿಲು ತಳ್ಳಿದರೆ ಅವನು ನಡುಮನೆಯಲ್ಲಿ, ನೆಂಟನ ಹಾಗೆ, ಕುರ್ಚಿಯ ತುದಿಯಲ್ಲಿ ಕೂತಿದ್ದ. ಅತ್ತೆ ಎದುರಿಗೆ ಕೂತು ಅವನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. "ಊಟ ಹಾಕು ಅಂದ್ರೆ ನೀನು ಬರ್ಲಿ ಅಂತಾನೆ" ಎಂದು ದೂರಿದಳು.

ತೀರ್ಪಿಗೆ ಇನ್ನೂ ಆರು ತಿಂಗಳು ಹಿಡಿಯಿತು. ಅಜ್ಜಿಯ ಮಗನಿಗೆ ಏಳು ವರ್ಷ ಶಿಕ್ಷೆ. ನಿಧಾನನಿಗೆ ಮೊದಲೇ ತಿಳಿದಿತ್ತೆಂದು ಸಾಬೀತಾಗಿಲ್ಲ ಎಂದು ಬಿಡುಗಡೆ. ಅವತ್ತು ಕೋರ್ಟಿನಿಂದ ಬರುತ್ತ ಅವನು ತಿರುವಿನಲ್ಲಿ ನಿಂತು, "ಅಲ್ಲಿಗೆ ಹೋಗ್ಬೇಕು. ಬರ್ತೀಯಾ?" ಅಂದ.

ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನೋಡಿದ. "ಕೂತ್ಕೊ ಅನ್ನಲ್ಲ. ನಿಂತ್ಕೊಂಡೇ ಹೇಳು" ಅಂದ. ನಿಧಾನ ಹೇಳಿದ. ಕನ್ನಡಿಯಲ್ಲಿ ನೋಡಿದ್ದು, ಸೀಟು ಒರೆಸಿದ್ದು, ಟೀ ಕುಡಿದದ್ದು. ಒಂದನ್ನೂ ಬಿಡಲಿಲ್ಲ. ಗೋಡೆಯ ಮೇಲಿನ ಹತ್ತಾರು ಗಡಿಯಾರಗಳು ಹತ್ತಾರು ಹೊತ್ತು ತೋರಿಸುತ್ತಿದ್ದವು.

"ಟೀನೂ ಕುಡ್ದೆಯಾ?" ಅಂದ ಗಡಿಯಾರದವನು.

"ಹೂಂ."

ಅವನು ತುಂಬ ಹೊತ್ತು ತನ್ನ ಬಲಗೈ ನೋಡಿಕೊಂಡ. ಆಮೇಲೆ ದಾರದಕ್ಕನ ಕಡೆ ತಿರುಗಿ, "ಅವತ್ತು ನೀವು ಕಿವಿ ಮುಚ್ಕೊಂಡು ಓಡಿದ್ರಿ. ಬೆಳಗಾದ್ರೆ ಸುತ್ತು ಹಾಕ್ಕೊಂಡು ಹೋಗ್ತೀರಲ್ಲ, ಈ ದಾರೀಲೇ ಹೋಗಿ ಅನ್ನೋಕೆ ಬಂದಿದ್ದೆ" ಅಂದ. ನಿಧಾನನಿಗೆ, "ಹೇಳ್ದೆಯಲ್ಲ. ಹೋಗು" ಅಂದ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ.

ಈಗ ಸೊಪ್ಪಿನಜ್ಜಿಯ ಮಗ ಹೊಳೆಯಾಚೆ ಮೂರು ತಾಸಿನ ದಾರಿಯ ದೊಡ್ಡ ಜೈಲಿನಲ್ಲಿದ್ದಾನೆ. ಅಜ್ಜಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ತಿಂಗಳ ಮೊದಲ ಭಾನುವಾರ ದಾರದಕ್ಕ ಜೊತೆಗೆ ಹೋಗುತ್ತಾಳೆ. ಮೊದಲ ಸಲ ಹೊರಟಾಗ ನಿಧಾನ, "ನೀನ್ಯಾಕೆ?" ಎಂದು ಕೇಳಿದ್ದ. "ಕರೆದ್ರು, ಹೋಗ್ತೀನಿ" ಅಂದಿದ್ದಳು. ಅದು ಪೂರ್ತಿ ನಿಜವಲ್ಲ. ಸೇತುವೆ ದಾಟಿದೊಡನೆ ಬಸ್ಸು ಆ ನಿಲ್ದಾಣದಲ್ಲಿ ಎರಡು ನಿಮಿಷ ನಿಲ್ಲುತ್ತದೆ. ಟೈರ್ ಅಂಗಡಿಯ ಹಿಂದಿನ ಕೋಣೆಯ ಹಗ್ಗದ ಮೇಲೆ ಬೇರೆ ಯಾರದೋ ಅಂಗಿ ಒಣಗುತ್ತಿರುತ್ತದೆ. ಮನೆಯಲ್ಲಿ ಗಂಡ ಇದ್ದಾನೆ, ಸಂಜೆ ಬರುತ್ತಾನೆ, ಊಟ ಮಾಡುತ್ತಾನೆ, ಮಾತು ಮಾತ್ರ ಅವಳಷ್ಟೇ ಕಡಿಮೆ. ಆದರೂ ಆ ಎರಡು ನಿಮಿಷ ಅವಳು ಕಿಟಕಿಯಿಂದ ಹೊರಗೆ ಬಾಗಿ, ಒದ್ದೆ ಕೂದಲು ಬಾಚಿಕೊಂಡು ನಿಂತಿರುತ್ತಿದ್ದ ಒಬ್ಬನನ್ನು ಹುಡುಕುತ್ತಾಳೆ. ಅವನಿಲ್ಲ ಎಂದು ಅವಳಿಗೆ ಗೊತ್ತು.

"ಇಳಿಯೋ ಜಾಗ ಬಂತೇನವ್ವಾ?" ಅನ್ನುತ್ತಾಳೆ ಅಜ್ಜಿ.

"ಇಲ್ಲ ಅಜ್ಜಿ. ಇನ್ನೂ ದೂರ ಇದೆ. ನೀವು ನಿದ್ದೆ ಮಾಡಿ."